ಎರಡನೇ ಕರೆ

ಒಬ್ಬ ಮನುಷ್ಯನ ಸಂಸ್ಕಾರವನ್ನು ಅಳೆಯಬೇಕಾದರೆ ಅವನು ಬೇರೆಯವರನ್ನು ಹೇಗೆ ಕರೆಯುತ್ತಾನೆ ಎಂಬುದನ್ನು ನೋಡಬೇಕು. ಈ ಘನವಾದ ಮಾತನ್ನು ನಾನು ಮೂವತ್ತು ವರ್ಷ ಆನವಟ್ಟಿ ಸುತ್ತಮುತ್ತಲಿನ ಮಕ್ಕಳಿಗೆ ಬೋಧಿಸಿದ್ದೇನೆ. ಬೋಧಿಸುವಾಗ ಕೈಯಲ್ಲಿ ಬೆತ್ತವಿರುತ್ತಿತ್ತು, ಮತ್ತು ಮಕ್ಕಳನ್ನು "ಲೇ ಕತ್ತೆ, ಬಾರೋ ಇಲ್ಲಿ" ಎಂದು ಕರೆಯುತ್ತಿದ್ದೆ.

ನಮ್ಮ ಸೊರಬದ ಕಡೆ ಹಳಬರಲ್ಲಿ ಕರೆ ಎರಡು ಸಲ ಬರಬೇಕು. ಮೊದಲ ಸಲ ನಾಲ್ಕಾರು ದಿನ ಮುಂಚೆ ಬಂದು, ಇಂಥ ದಿನ ಹೀಗೊಂದು ಕಾರ್ಯವಿದೆ, ಬರಬೇಕು ಎಂದು ಹೇಳಿ ಹೋಗುತ್ತಾರೆ. ಎರಡನೇ ಸಲ ಆ ದಿನವೇ, ಎಲೆ ಹಾಕುವ ಹೊತ್ತಿಗೆ ಒಬ್ಬರು ಬಾಗಿಲಿಗೆ ಬಂದು "ಎಲ್ಲ ಆಗೈತೆ, ಏಳ್ರಿ" ಎನ್ನಬೇಕು. ಮೊದಲನೆಯದು ಸುದ್ದಿ, ಎರಡನೆಯದೇ ಕರೆ. ಎರಡರ ನಡುವೆ ಅತಿಥಿಯಾದವನು ಇಸ್ತ್ರಿ ಅಂಗಿ ತೊಟ್ಟು, ಗಡ್ಡ ಹೆರೆದುಕೊಂಡು, ಆದರೂ "ಅರೆ, ಇವತ್ತೇನಾ ಅದು?" ಎಂಬ ಮುಖ ಮಾಡಿಕೊಂಡು ಮನೆಯಲ್ಲೇ ಕೂತಿರಬೇಕು. ನನ್ನ ಸೋದರಮಾವ ಪಕ್ಕದ ಮನೆಯ ಮದುವೆಯಲ್ಲಿ ಎರಡನೇ ಕರೆ ತಪ್ಪಿತೆಂದು, ಪಾಯಸದ ವಾಸನೆ ಕುಡಿಯುತ್ತಾ ತನ್ನ ಮನೆಯಲ್ಲಿ ಗಂಜಿ ಉಂಡ. ಕರೆಯಲು ಮರೆತವರು ಬೇರೆ ಯಾರೂ ಅಲ್ಲ, ಅವನ ಸ್ವಂತ ತಮ್ಮ. ಅದಾದ ಮೇಲೆ ಇಬ್ಬರೂ ಹನ್ನೆರಡು ವರ್ಷ ಮಾತಾಡಲಿಲ್ಲ. ಈಗ ಈ ಪದ್ಧತಿ ಮುಕ್ಕಾಲು ಪಾಲು ಹೋಗಿದೆ. ಎಲ್ಲವೂ ಫೋನಿನಲ್ಲೇ ಮುಗಿಯುತ್ತದೆ. ಇನ್ನೂ ಹಿಡಿದುಕೊಂಡು ಕೂತವರು ನನ್ನಂಥ ನಾಲ್ಕು ಜನ ಮುದುಕರು ಮಾತ್ರ.

ಇನ್ನೊಬ್ಬರಿದ್ದಾರೆ. ಅವರ ವಿಷಯಕ್ಕೇ ಇದನ್ನು ಬರೆಯುತ್ತಿರುವುದು.

ನಿವೃತ್ತಿಯಾದ ಮೇಲೆ ಕೆಲವರಿಗೆ ಸಕ್ಕರೆ ಕಾಯಿಲೆ ಬರುತ್ತದೆ, ನನಗೆ ಶಾಸನ ಬಂತು. ಕುಪ್ಪಗಡ್ಡೆಯ ನಮ್ಮ ಮನೆಯಿಂದ ಹೊರಟು, ಬಸ್ಸು ಹೋಗುವ ಕಡೆಯೆಲ್ಲ ಹೋಗಿ, ಕಲ್ಲು ಕಂಡಲ್ಲೆಲ್ಲ ಕೂತು, ಪಾಚಿ ಉಜ್ಜಿ, ಕನ್ನಡಕ ಒರೆಸಿಕೊಂಡು ಓದುವುದು ನನ್ನ ಕಸುಬಾಯಿತು. ಹಾಗೆ ಸಿಕ್ಕಿದ್ದು ಆ ವೀರಗಲ್ಲು. ಆನವಟ್ಟಿ ದಾಟಿ ಶಿಕಾರಿಪುರದ ರಸ್ತೆಯಲ್ಲಿ ಸ್ವಲ್ಪ ಹೋದರೆ, ರಸ್ತೆಗೆ ಮುಖ ಮಾಡಿದ ಒಂದು ಹೆಂಚಿನ ಮನೆ, ಹಿಂದೆ ಕುರಿದೊಡ್ಡಿ, ಅದರ ಹಿಂದೆ ಒಂದಿಷ್ಟು ಮೆಕ್ಕೆಜೋಳದ ಹೊಲ. ಹೊಲದ ಬದುವಿನ ಮೇಲೆ ಎದೆಯೆತ್ತರದ ಕಲ್ಲು. ಬಿಲ್ಲು ಹಿಡಿದವನೊಬ್ಬ, ಅವನ ಕಾಲಡಿ ಮೂರು ದನ, ಕೆಳಗೆ ಎರಡು ಸಾಲು ಅಕ್ಷರ. ಊರಿನ ದನ ಹೊಡೆದುಕೊಂಡು ಹೋಗುತ್ತಿದ್ದವರನ್ನು ಅಡ್ಡಗಟ್ಟಿ ಸತ್ತವನು ಎಂಬಷ್ಟು ಓದಲು ಬರುತ್ತಿತ್ತು. ಸತ್ತವನ ಹೆಸರಿನ ಜಾಗ ಚಕ್ಕೆ ಎದ್ದು ಹೋಗಿತ್ತು.

ಆ ಹೊಲ, ಆ ಕುರಿ, ಆ ಕಲ್ಲು ಮೂರೂ ಒಬ್ಬರವು. ನನಗಿಂತ ಐದಾರು ವರ್ಷ ದೊಡ್ಡವರು. ನಾನು ಅವರನ್ನು ಯಜಮಾನ್ರೇ ಎನ್ನುತ್ತೇನೆ, ಅವರು ನನ್ನನ್ನು ಮೇಷ್ಟ್ರೇ ಎನ್ನುತ್ತಾರೆ. ಅವರ ಅಜ್ಜ ನೇಗಿಲು ಹೊಡೆಯುವಾಗ ಕಲ್ಲು ತಾಗಿ, ಅಗೆದು ತೆಗೆದು, ನಾಲ್ಕು ಜನ ಸೇರಿ ಬದುವಿನ ಮೇಲೆ ನಿಲ್ಲಿಸಿದ್ದರಂತೆ. ಅಂದಿನಿಂದ ವರ್ಷಕ್ಕೆ ಮೊದಲು ಈದ ಕುರಿಯ ಗಿಣ್ಣದ ಹಾಲನ್ನು ಒಂದು ಕುಡಿಕೆಯಲ್ಲಿ ಆ ಕಲ್ಲಿನ ಮುಂದಿಟ್ಟ ಮೇಲೆಯೇ ಮನೆಯವರು ಬಾಯಿಗೆ ಹಾಕುವುದು.

ನಾನು ಬರೆದ ಲೇಖನದಲ್ಲಿ ಇದರ ಪ್ರಸ್ತಾಪವಿಲ್ಲ. ಅಲ್ಲಿ ಇರುವುದು "ಲೇಖಕರು ಕ್ಷೇತ್ರಕಾರ್ಯದ ಸಂದರ್ಭದಲ್ಲಿ ಪತ್ತೆಹಚ್ಚಿದ ವೀರಗಲ್ಲು" ಎಂದು. ಕ್ಷೇತ್ರಕಾರ್ಯ ಎಂದರೆ, ನಾನು ಆ ದಿನ ಅವರ ಮನೆಗೆ ಕಂಬಳಿ ಕೊಳ್ಳಲು ಹೋಗಿದ್ದೆ. "ಮೇಷ್ಟ್ರೇ, ನೀವು ಕಲ್ಲು ಓದ್ತೀರಂತಲ್ಲ, ನಮ್ಮದೂ ಒಂದೈತಿ, ನೋಡ್ರಿ ಬರ್ರಿ" ಎಂದು ಕೈ ಹಿಡಿದು ಕರೆದುಕೊಂಡು ಹೋದವರು ಅವರು.

ಕೆಲವು ತಿಂಗಳ ಹಿಂದೆ ಶಿಕಾರಿಪುರದಲ್ಲಿ ಇತಿಹಾಸ ಓದುವವರೆಲ್ಲ ಸೇರಿದ ಮೂರು ದಿನದ ಸಮ್ಮೇಳನವಾಯಿತು. ಮೊದಲ ದಿನ ಸಂಜೆ ಐದೂವರೆಗೆ ಹಳೆಯ ಚೌಕದಲ್ಲಿ ಹೊರಗಿನಿಂದ ಬಂದವರಿಗೆ ಸ್ವಾಗತ ಕೂಟ. ಸಮ್ಮೇಳನದ ನೆನಪಿಗೆ ಆ ಚೌಕದಲ್ಲಿ ತಾಲ್ಲೂಕಿನ ಆಸುಪಾಸಿನ ಒಂದು ಕಲ್ಲನ್ನು ತಂದು ನಿಲ್ಲಿಸಬೇಕೆಂದು ಸ್ವಾಗತ ಸಮಿತಿಯವರು ಯೋಚಿಸಿದರು. ನನ್ನ ಲೇಖನ ಓದಿದವರು ಆ ಸಮಿತಿಯಲ್ಲಿ ಇಬ್ಬರಿದ್ದದ್ದರಿಂದ ನಮ್ಮ ಕಲ್ಲೇ ಆಯ್ಕೆಯಾಯಿತು. ಅಧ್ಯಕ್ಷರು ಸಭ್ಯರು. ಆಮಂತ್ರಣದ ಕಾರ್ಡು ಕೊಡುವಾಗಲೇ ನನಗೆ ಸ್ಪಷ್ಟವಾಗಿ ಹೇಳಿದರು: "ಜಮೀನಿನವರನ್ನ ನೀವೇ ಕರ್ಕೊಂಡು ಬನ್ನಿ. ಎಲ್ಲರ ಎದುರು ಅವರ ಬಾಯಿಂದಲೇ ಒಂದು ಮಾತು ಬರಲಿ. ಹೂಂ ಅಂದ್ರೆ ತರೋಣ, ಬೇಡ ಅಂದ್ರೆ ಬೇಡ."

ನಾನು ಕಾರ್ಡು ತೆಗೆದುಕೊಂಡು ಹೋದೆ. ಯಜಮಾನರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ತಲೆಯ ಮೇಲಿನ ಹೆಂಚಿನ ಸಂದಿಗೆ ಸಿಕ್ಕಿಸಿದರು. ಮಹತ್ವದ ಕಾಗದಗಳೆಲ್ಲ, ಪಹಣಿ ಸಮೇತ, ಅಲ್ಲೇ ಇದ್ದವು.

"ಕಲ್ಲು ಒಯ್ತಾರಂತಾ?"

"ನೀವು ಒಪ್ಪಿದ್ರೆ ಮಾತ್ರ."

"ನಾ ಒಪ್ಪಂಗಿಲ್ರೀ. ಕುರಿ ಈದ್ರೆ ಗಿಣ್ಣ ಎಲ್ಲಿಡ್ಲಿ? ಕುಡಿಕೆ ಹಿಡ್ಕಂಡು ಶಿಕಾರಿಪುರದ ಬಸ್ ಹತ್ಲಾ? ಕಂಡಕ್ಟರು ಹಾಲಿಗೂ ಟಿಕೀಟ್ ಹರೀತಾನೆ."

"ಅದನ್ನೇ ಅಲ್ಲಿ ಬಂದು ಹೇಳಿ. ನೀವು ಬೇಡ ಅಂದ್ರೆ ಯಾರೂ ಮುಟ್ಟಲ್ಲ."

"ಹೇಳ್ತೀನಿ. ದೊಡ್ಡೋರ ಎದುರು ನಿಂತು ಹೇಳ್ತೀನಿ, ನಂಗೇನು ಅಂಜಿಕೆ? ನೀವು ಬಂದು ಕರ್ಕಂಡು ಹೋಗ್ರಿ, ಆತಾ?"

"ಆತು" ಎಂದೆ.

ಒಳಗಿನಿಂದ ಅವರ ಹೆಂಡತಿಯ ಧ್ವನಿ ಬಂತು: "ಮೇಷ್ಟ್ರೇ, ಆವತ್ತು ಬಂದು ಏಳ್ರಿ ಅನ್ಲಿಲ್ಲ ಅಂದ್ರೆ ಈ ಮನುಷ್ಯ ಹೊಸ್ಲು ದಾಟಂಗಿಲ್ಲ. ನಮ್ಮ ತವರು ಮನಿಗೂ ಹಿಂಗೇ ಮಾಡಿ ಮಾನ ಕಳದಾರೆ. ನೆಪ್ಪಿಟ್ಕಳ್ರಿ."

"ಅಮ್ಮಾ, ಅದು ನನಗೆ ಹೇಳ್ಬೇಕಾ?" ಎಂದು ನಾನು ನಕ್ಕೆ. ನಿಜ, ಅದನ್ನು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಸ್ವಾಗತದ ದಿನದ ವ್ಯವಸ್ಥೆ ಸರಳವಾಗಿತ್ತು. ಮೂರು ಗಂಟೆಗೆ ಆನವಟ್ಟಿ ಬಸ್ ನಿಲ್ದಾಣದ ಹತ್ತಿರ ಸಮಿತಿಯ ಕಾರು ಬರುತ್ತದೆ. ನಾನು ಕುಪ್ಪಗಡ್ಡೆಯಿಂದ ಬಸ್ಸಿನಲ್ಲಿ ಅಲ್ಲಿಗೆ ಹೋಗಿ ಹತ್ತಿಕೊಳ್ಳಬೇಕು. ದಾರಿಯಲ್ಲಿ ಯಜಮಾನರನ್ನು ಹತ್ತಿಸಿಕೊಳ್ಳಬೇಕು. ಹಿಂದಿನ ರಾತ್ರಿ ಇದೆಲ್ಲ ನನ್ನ ಫೋನಿಗೆ ವಾಟ್ಸಾಪಿನಲ್ಲಿ ಬಂದಿತ್ತು. ಕೆಳಗೆ ಕೈಮುಗಿದ ಚಿತ್ರ ಮೂರು, ಕಮಲದ ಹೂವು ಒಂದು.

ಎರಡು ಗಂಟೆಗೆ ನಾನು ಕೋಟು ಹಾಕಿಕೊಂಡು ಕೂತೆ. ಎರಡೂ ಕಾಲಿನ ಬಸ್ಸು ಹೋಯಿತು. ನಾನು ಏಳಲಿಲ್ಲ.

"ರೀ, ಹೊರಡ್ಲಿಲ್ವಾ?" ಎಂದಳು ಹೆಂಡತಿ.

"ಕರೆ ಬರಲಿ."

"ಬಂದಿದೆಯಲ್ಲ ಫೋನಿಗೆ, ಹೂವು ಸಮೇತ."

"ಹೂವಿನ ಚಿತ್ರ ಕರೆ ಆಗಲ್ಲ. ಕಾರ್ಡಿನಲ್ಲಿ ಮುಖ್ಯ ಅತಿಥಿ ಅಂತ ಅಚ್ಚು ಹಾಕಿಸಿದವರಿಗೆ ಬಾಗಿಲಿಗೆ ಬಂದು ಒಂದು ಮಾತು ಹೇಳೋಕೆ ಆಗಲ್ವಾ? ಬಸ್ ಹತ್ತಿ ಬಾ ಅಂದ್ರೆ ಏನರ್ಥ? ನಾನೇನು ಸಂತೆಗೆ ಹೊರಟಿದೀನಾ?"

"ಮದುವೆ ದಿನಾನೂ ಹಿಂಗೇ ಕೂತಿದ್ರಂತೆ ಬಿಡದಿ ಮನೇಲಿ. ನಮ್ಮಪ್ಪ ಬಂದು ಕೈ ಹಿಡಿದು ಎಬ್ಬಿಸಿದ್ರು. ಈಗ ಅವರೂ ಇಲ್ಲ" ಎಂದು ಹೇಳಿ ಅವಳು ಪಾತ್ರೆ ತೊಳೆಯಲು ಹೋದಳು.

ಫೋನು ಮೂರು ಸಲ ಬಡಿದುಕೊಂಡಿತು. ಮೂರು ಸಲವೂ ಅದರ ಕಡೆ ಗಂಭೀರವಾಗಿ ನೋಡಿ ಸುಮ್ಮನಾದೆ. ನಾಲ್ಕು ಗಂಟೆ ದಾಟಿದ ಮೇಲೆ ಮನೆ ಮುಂದೆ ಕಾರು ನಿಂತಿತು. ಸ್ವಾಗತ ಸಮಿತಿಯಲ್ಲಿದ್ದ ಒಬ್ಬ ಪ್ರಾಧ್ಯಾಪಕಿ, ನನ್ನ ಮಗಳ ವಯಸ್ಸಿನ ಹೆಣ್ಣುಮಗಳು, ತಾನೇ ಕಾರು ಓಡಿಸಿಕೊಂಡು ಬಂದಿದ್ದಳು. ಆನವಟ್ಟಿಯಲ್ಲಿ ಒಂದು ಗಂಟೆ ಕಾದು, ನನಗೇನಾದರೂ ಆಗಿದೆಯೋ ಏನೋ ಎಂದು ಹೆದರಿ, ವಿಳಾಸ ಕೇಳಿಕೊಂಡು ಬಂದಿದ್ದಳು. ಆದರೂ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಎರಡೂ ಕೈ ಮುಗಿದು, "ಸರ್, ಎಲ್ಲ ಸಿದ್ಧವಾಗಿದೆ. ತಾವು ದಯಮಾಡಿಸಬೇಕು" ಎಂದಳು.

ನನ್ನ ಎದೆ ತಂಪಾಯಿತು. ಹೀಗೆ ಕರೆಯುವವರು ಇನ್ನೂ ಇದ್ದಾರಲ್ಲ ಎಂದು ಸಂತೋಷಪಟ್ಟೆ. ಕರೆಯಲು ಬಂದವರನ್ನು ಬರಿ ಬಾಯಲ್ಲಿ ಕಳಿಸಬಾರದೆಂಬುದೂ ಪದ್ಧತಿಯೇ ಆದ್ದರಿಂದ ಕಾಫಿ ಕುಡಿಯಲೇಬೇಕೆಂದು ಹಠ ಹಿಡಿದೆ. ಅವಳು ಗಡಿಯಾರ ನೋಡಿಕೊಂಡು, ನಾಲಿಗೆ ಸುಟ್ಟುಕೊಂಡು ಕುಡಿದಳು. ನಾವು ಹೊರಟಾಗ ನಾಲ್ಕೂವರೆ ಆಗಿತ್ತು.

ಆನವಟ್ಟಿ ದಾಟುವಾಗ ಅವಳು ಕೇಳಿದಳು: "ಸರ್, ಜಮೀನಿನವರನ್ನೂ ಕರ್ಕೊಂಡು ಹೋಗಬೇಕು ಅಂದಿದ್ರಲ್ಲ?"

"ಹೂಂ, ಹೇಳಿದೀನಿ ಅವರಿಗೆ" ಎಂದೆ.

ಕಾರು ತಿರುವು ದಾಟಿದಾಗ ಹೆಂಚಿನ ಮನೆ ಕಂಡಿತು. ಯಜಮಾನರು ಬಾಗಿಲ ಪಕ್ಕದ ಕಲ್ಲು ಕಟ್ಟೆಯ ಮೇಲೆ ಕೂತಿದ್ದರು. ಮೈಮೇಲೆ ಅಚ್ಚ ಬಿಳಿ ಅಂಗಿ, ತಲೆಗೆ ಹೊಸ ರುಮಾಲು, ಹೆಗಲ ಮೇಲೆ ನೀಟಾಗಿ ಮಡಿಸಿದ ಕಂಬಳಿ. ಕೈಯಲ್ಲಿ ಒಂದು ಹಗ್ಗದ ತುಂಡು ಹಿಡಿದು ಅದನ್ನು ಹೊಸೆಯುತ್ತಿರುವಂತೆ ಮಾಡುತ್ತಿದ್ದರು. ಹಗ್ಗಕ್ಕೆ ಹೊಸೆಯುವುದೇನೂ ಉಳಿದಿರಲಿಲ್ಲ. ಅದು "ಅರೆ, ಇವತ್ತೇನಾ?" ಎಂಬ ಮುಖದ ಹಗ್ಗ. ಅದು ಎಂಥದೆಂದು ಇಡೀ ರಸ್ತೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ.

ಅವಳು ಕಾರು ನಿಧಾನ ಮಾಡಿದಳು. "ಇವರೇನಾ ಸರ್?"

ಹೊತ್ತಾಗಿತ್ತು, ಅದು ನಿಜ. ಹೊತ್ತು ಮಾಡಿದವನು ನಾನು. ಇಳಿದು, ಬಾಗಿಲಿಗೆ ಹೋಗಿ, ಏಳ್ರಿ ಎಂದು, ಅವರು ಬೇಡವೆಂದರೂ ಬಿಡದೆ ಕೊಡುವ ಮಜ್ಜಿಗೆ ಕುಡಿದು ಬರಲು ಕಾಲು ಗಂಟೆ ಬೇಕು. ಹಿಂದಿನ ಸೀಟಿನಲ್ಲಿ ನನ್ನ ಭಾಷಣದ ಹಾಳೆಗಳು ಉದ್ದಕ್ಕೆ ಮಲಗಿದ್ದವು. ಕಾರಿನೊಳಗೆ ಏನೋ ಸುಗಂಧ ಹಾಕಿದ್ದರು, ಕಂಬಳಿಯ ವಾಸನೆ ಅದಕ್ಕೆ ಹೊಂದುತ್ತಿರಲಿಲ್ಲ. ಇವೆಲ್ಲ ಒಂದು ಕ್ಷಣದಲ್ಲಿ ತಲೆಯಲ್ಲಿ ಹಾದುಹೋದವು, ಮತ್ತು ಇವು ಯಾವುವೂ ಕಾರಣವಲ್ಲ. ಕಾರಣ ಇಷ್ಟೇ. ಯಜಮಾನರು ಮಾತುಗಾರರು. ಚೌಕದಲ್ಲಿ ಅಷ್ಟು ಜನ ವಿದ್ವಾಂಸರ ಎದುರು ನಿಂತರೆ ಅಜ್ಜನ ನೇಗಿಲಿನಿಂದ ಶುರು ಮಾಡಿ, ಕಂಬಳಿ ಕೊಳ್ಳಲು ಬಂದ ಮೇಷ್ಟ್ರ ತನಕ ಹೇಳುತ್ತಾರೆ. ಆಮೇಲೆ ನನ್ನ ಕ್ಷೇತ್ರಕಾರ್ಯದ ಗತಿಯೇನು?

"ನಡೀರಿ ಅಮ್ಮಾ" ಎಂದೆ. "ಹೊತ್ತಾಯ್ತು. ಅವರು ಬಸ್ಸಿಗೆ ಬರ್ತಾರೆ. ಅಭ್ಯಾಸ ಇದೆ ಅವರಿಗೆ."

ಯಜಮಾನರು ಕಾರು ನೋಡಿ ಎದ್ದು ನಿಂತಿದ್ದರು. ಹಗ್ಗ ಕೆಳಗೆ ಹಾಕಿದ್ದರು. ನಾನು ಕಿಟಕಿಯಿಂದ ಕೈ ಎತ್ತಿದೆ. ಅವರೂ ಎತ್ತಿದರು. ಕಾರು ಮುಂದೆ ಹೋಯಿತು.

ಶಿಕಾರಿಪುರ ಮುಟ್ಟಿದಾಗ ಆರಕ್ಕೆ ಹತ್ತು ನಿಮಿಷ. ಚೌಕದ ಹತ್ತಿರಕ್ಕೆ ವಾಹನ ಬಿಡುತ್ತಿರಲಿಲ್ಲ. ತರಕಾರಿ ಗಾಡಿಗಳ ನಡುವೆ, ಮಿರ್ಚಿ ಕರಿಯುವ ಬಾಣಲೆಗಳ ಪಕ್ಕ, ಒಂದು ಕೈಯಲ್ಲಿ ಭಾಷಣ, ಒಂದು ಕೈಯಲ್ಲಿ ಪಂಚೆಯ ತುದಿ ಹಿಡಿದು ನಾನು ಮುಖ್ಯ ಅತಿಥಿಗೆ ಸಲ್ಲುವ ಗಾಂಭೀರ್ಯದಿಂದ ಓಡಿದೆ. ಒಬ್ಬ ಬಾಳೆಹಣ್ಣಿನವನು "ಯಾಕ್ರೀ ಅಜ್ಜಾರೆ, ಬಸ್ ತಪ್ತಾ?" ಎಂದ.

ಚೌಕದಲ್ಲಿ ಹಳೆಯ ಕಲ್ಲು ಹಾಸಿನ ಮೇಲೆ ಕೆಂಪು ಕುರ್ಚಿಗಳನ್ನು ಹಾಕಿದ್ದರು. ದೂರದೂರದಿಂದ ಬಂದವರು ಕೊರಳಲ್ಲಿ ಬಿಲ್ಲೆ ಹಾಕಿಕೊಂಡು ಪಾನಕ ಕುಡಿಯುತ್ತಿದ್ದರು. ನಾದಸ್ವರದವರು ನನಗಾಗಿ ಕಾದು ಕಾದು, ಇದ್ದದ್ದನ್ನೆಲ್ಲ ಊದಿ ಮುಗಿಸಿ, ಮೊದಲಿನದನ್ನೇ ಮತ್ತೆ ಊದುತ್ತಿದ್ದರು. ಒಂದು ಮೂಲೆಯಲ್ಲಿ ಕಲ್ಲು ನಿಲ್ಲಿಸಲೆಂದು ಸಿಮೆಂಟಿನ ಚೌಕ ಗುರುತು ಮಾಡಿ, ರಂಗೋಲಿ ಹಾಕಿಟ್ಟಿದ್ದರು. ನನ್ನನ್ನು ವೇದಿಕೆಗೆ ಹತ್ತಿಸಿದರು. ನಾನು ವೀರನ ಬಗ್ಗೆ ಮಾತಾಡಿದೆ. ಊರಿನ ದನಕ್ಕಾಗಿ ಪ್ರಾಣ ಕೊಟ್ಟವನು, ಹೆಸರು ಉಳಿಯದಿದ್ದರೂ ಕಲ್ಲು ಉಳಿದವನು ಎಂದೆಲ್ಲ ಹೇಳಿದೆ. ಚಪ್ಪಾಳೆ ಚೆನ್ನಾಗಿ ಬಂತು. ಅಧ್ಯಕ್ಷರು ಶಾಲು ಬಿಚ್ಚಿ ಹೊದಿಸುತ್ತಾ ಮೈಕಿನಲ್ಲೇ ಕೇಳಿದರು:

"ಜಮೀನಿನ ಯಜಮಾನರು ಬಂದಿದ್ದಾರಾ ಮೇಷ್ಟ್ರೇ? ಅವರ ಒಂದು ಮಾತು ಆಗಬೇಕಿತ್ತು."

ಶಾಲು ಒಂದು ಹೆಗಲ ಮೇಲೆ ಬಂದಿತ್ತು, ಇನ್ನೊಂದು ಹೆಗಲಿಗೆ ಇನ್ನೂ ಬರಬೇಕಿತ್ತು. ಅವರಿಗೆ ಇಷ್ಟವಿಲ್ಲ ಎಂಬ ಎರಡು ಶಬ್ದ ಸಾಕಿತ್ತು. ಅದನ್ನು ಹೇಳಿದ್ದರೆ, ಹಾಗಿದ್ದರೆ ಅವರನ್ನೇಕೆ ಕರೆತರಲಿಲ್ಲ ಎಂದು ಕೇಳುತ್ತಿದ್ದರು.

"ಅವರಿಗೆ ಹೇಳಿದ್ದೆ" ಎಂದೆ. "ಬರಲಿಲ್ಲ."

"ವಿರೋಧ ಇದ್ದಿದ್ರೆ ಬಂದು ಹೇಳ್ತಿದ್ರು. ಹಾಗಾದ್ರೆ ಒಪ್ಪಿಗೆ ಅಂತಲೇ ತಿಳಿಯೋಣ" ಎಂದು ಅಧ್ಯಕ್ಷರು ಸಭೆಯ ಕಡೆ ತಿರುಗಿದರು. ಮತ್ತೆ ಚಪ್ಪಾಳೆ. ಹಣ್ಣಿನ ತಟ್ಟೆ ಹಿಡಿದು ವೇದಿಕೆಯ ಪಕ್ಕ ನಿಂತಿದ್ದ ಪ್ರಾಧ್ಯಾಪಕಿ ನನ್ನನ್ನೇ ನೋಡುತ್ತಿದ್ದಳು. ತಟ್ಟೆಯನ್ನು ನನ್ನ ಕೈಗೆ ಕೊಡಲಿಲ್ಲ. ಮೇಜಿನ ಮೇಲಿಟ್ಟು ಇಳಿದು ಹೋದಳು. ಮನೆಗೆ ನನ್ನನ್ನು ಬಿಟ್ಟುಬರಲು ಬೇರೆ ಯಾರದೋ ಕಾರು ಸಿಕ್ಕಿತು, ಅದು ಯಜಮಾನರ ಮನೆ ಮುಂದೆ ಹಾಯದೆ ಸೊರಬದ ದಾರಿಯಿಂದ ಬಂತು.

ಮಾರನೆಯ ಬೆಳಿಗ್ಗೆ ಸಮ್ಮೇಳನದ ಗೋಷ್ಠಿಗೆ ಹೋಗುವುದು ಬಿಟ್ಟು ಬಸ್ಸಿನಲ್ಲಿ ಯಜಮಾನರ ಮನೆಗೆ ಹೋದೆ. ಅವರು ದೊಡ್ಡಿಯಲ್ಲಿ ಒಂದು ಕುರಿಯ ಗೊರಸು ನೋಡುತ್ತಾ ಕೂತಿದ್ದರು. ಮೈಮೇಲೆ ದಿನದ ಅಂಗಿ.

"ಬರ್ರಿ ಮೇಷ್ಟ್ರೇ. ಚೆಂದಾಗಿ ಆತೇನು?"

ಬೈದಿದ್ದರೆ ನನಗೆ ಒಂದು ದಾರಿಯಿತ್ತು. ತಿರುಗಿ ನಾನೂ ಏನಾದರೂ ಹೇಳಬಹುದಿತ್ತು. ಅವರು ಬೈಯಲಿಲ್ಲ.

"ನಿನ್ನೆ ಕಾರು ಕಂಡೆ" ಎಂದರು. "ಮಾತಾಡ್ತಾ ಮರ್ತು ಮುಂದೆ ಹೋಗ್ಯಾರೆ, ಅಲ್ಲೆಲ್ಲೋ ಜಾಗ ನೋಡಿ ತಿರುಗಿಸ್ಕಂಡು ಬರ್ತಾರೆ ಅಂತ ಇವ್ಳಿಗೆ ಹೇಳ್ದೆ. ಕೈ ಬ್ಯಾರೆ ಎತ್ತಿದ್ರಲ್ಲ."

"ಬಸ್ಸಿಗೆ ಬರಬಹುದಿತ್ತಲ್ಲ ಯಜಮಾನ್ರೇ" ಎಂದೆ. ಹೇಳಬಾರದ ಮಾತು. ಆದರೆ ಅದು ಬಾಯಿಂದ ಬಂತು.

ಅವರು ತಲೆ ಎತ್ತಿ ನನ್ನನ್ನು ನೋಡಿದರು. ಅಷ್ಟು ಹೊತ್ತು ಅವರು ನನ್ನನ್ನು ನೋಡಿರಲಿಲ್ಲ. "ಏಳ್ರಿ ಅನ್ನೋಕೆ ಯಾರೂ ಬರ್ಲಿಲ್ವಲ್ರೀ" ಎಂದರು. ತಕರಾರಿನ ಧ್ವನಿಯಿರಲಿಲ್ಲ. ನನಗೆ ಗೊತ್ತಿರುವ ವಿಷಯವನ್ನು ನನಗೆ ನೆನಪಿಸುವ ಧ್ವನಿ.

ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಸುಮ್ಮನಿರಲಿಲ್ಲ. "ಹೊತ್ತು ಮುಳುಗೋ ತನಕ ಕಟ್ಟಿ ಮ್ಯಾಲೆ ಕುಂತಿದ್ರು ಮೇಷ್ಟ್ರೇ. ಮಧ್ಯಾಹ್ನ ಊಟಾನೂ ಮಾಡಿರ್ಲಿಲ್ಲ. ಕರ್ದೋರ ಮನ್ಯಾಗೆ ಹೊಟ್ಟಿ ತುಂಬಾ ಉಣ್ಬೇಕು, ಇಲ್ಲ ಅಂದ್ರೆ ಅವ್ರಿಗೆ ಬ್ಯಾಸರ ಆಗ್ತೈತಿ ಅಂತ. ಮೇಷ್ಟ್ರು ಬಲ್ಲೋರು, ಅವ್ರು ತಪ್ಪಸಂಗಿಲ್ಲ ಅಂತ ನಾನೂ ಅಂದೆ. ನನ್ನ ಬಾಯಿಗಿಷ್ಟು ಬೂದಿ ಹಾಕ."

"ಸುಮ್ಕಿರೇ" ಎಂದರು ಯಜಮಾನರು. ಆಮೇಲೆ ನನ್ನನ್ನು ಕೇಳಿದರು: "ಕಲ್ಲಿಂದು ಏನಂದ್ರು?"

"ತರೋಣ ಅಂದ್ರು."

"ನಾ ಬ್ಯಾಡ ಅಂದಿದ್ದು ಹೇಳಿದ್ರೇನು?"

"ನೀವು ಬರ್ಲಿಲ್ಲ ಅಂದೆ."

ಅವರು ಕುರಿಯ ಕಾಲು ಬಿಟ್ಟರು. ಅದು ಕುಂಟುತ್ತಾ ಹಿಂಡಿಗೆ ಸೇರಿತು. "ಅದು ಖರೇ ಐತಲ್ರೀ" ಎಂದರು. "ನಾ ಬರ್ಲಿಲ್ಲ."

ನಾನು ಅಧ್ಯಕ್ಷರಿಗೆ ಕಾಗದ ಬರೆದೆ. ತಪ್ಪು ನನ್ನದು, ಯಜಮಾನರಿಗೆ ಮೊದಲಿನಿಂದಲೂ ಒಪ್ಪಿಗೆಯಿರಲಿಲ್ಲ, ನಿರ್ಧಾರ ಕೈಬಿಡಬೇಕು ಎಂದು ಬರೆದೆ. ಕ್ಷೇತ್ರಕಾರ್ಯದ ವಿಷಯ ಮಾತ್ರ ಬರೆಯಲಿಲ್ಲ. ಅದಕ್ಕೆ ಬೇರೆ ಹಾಳೆ ತೆಗೆದುಕೊಂಡಿದ್ದೆ, ಅದು ಇನ್ನೂ ಮೇಜಿನ ಮೇಲೆ ಖಾಲಿಯೇ ಇದೆ. ಅಧ್ಯಕ್ಷರು ಮರ್ಯಾದೆಯಿಂದಲೇ ಉತ್ತರಿಸಿದರು. ಜಮೀನಿನವರು ಈಗಲೂ ಬೇಡವೆಂದರೆ ಒತ್ತಾಯವಿಲ್ಲ, ನಾವೇ ಹೋಗಿ ಕೇಳುತ್ತೇವೆ ಎಂದರು. ಮಾತಿನಂತೆ ಇಬ್ಬರನ್ನು ಕಳಿಸಿದರು. ನಾನೂ ಜೊತೆಗೆ ಹೋದೆ. ಈಗಲಾದರೂ ಯಜಮಾನರು ಬೇಡ ಎನ್ನಲಿ ಎಂದು ದಾರಿಯುದ್ದಕ್ಕೂ ಹಾರೈಸಿಕೊಂಡೆ.

ಅವರು ಬಂದವರನ್ನು ಕೂರಿಸಿ, ಮಜ್ಜಿಗೆ ಕೊಡಿಸಿ, ಎಲ್ಲ ಕೇಳಿಸಿಕೊಂಡರು. "ಸಭೆದಾಗೆ ಆಗಿ ಹೋದ ಮಾತು" ಎಂದರು. "ಸಭೆಗೆ ಹೋಗದೋನು ಮನ್ಯಾಗೆ ಕುಂತು ಅದನ್ನ ಮುರಿಬಾರ್ದು. ಒಯ್ರಿ."

"ಯಜಮಾನ್ರೇ, ಬೇಡ ಅನ್ನಿ" ಎಂದೆ ನಾನು, ಎಲ್ಲರೆದುರೇ.

"ಆವತ್ತು ಅನ್ನೋಕೆ ಅಂಗಿ ಹಾಕ್ಕಂಡಿದ್ದೆ ಮೇಷ್ಟ್ರೇ" ಎಂದರು. ಹೆಂಚಿನ ಸಂದಿಯಿಂದ ಪಹಣಿ ತೆಗೆದರು. ಜೊತೆಗೆ ಸ್ವಾಗತ ಕೂಟದ ಕಾರ್ಡು ಕೆಳಗೆ ಬಿತ್ತು. ಅದನ್ನು ಎತ್ತಿ, ಧೂಳು ಒರೆಸಿ, ಮತ್ತೆ ಅಲ್ಲೇ ಸಿಕ್ಕಿಸಿದರು. ಬಂದವರು ತೋರಿಸಿದ ಕಡೆ ರುಜು ಹಾಕಿದರು.

ಮುಂದಿನ ತಿಂಗಳು ಕ್ರೇನ್ ಬಂತು. ಕಲ್ಲು ಈಗ ಶಿಕಾರಿಪುರದ ಚೌಕದಲ್ಲಿ, ಕಬ್ಬಿಣದ ಬೇಲಿಯ ಒಳಗಿದೆ. ಕೆಳಗಿನ ಫಲಕದಲ್ಲಿ ಪತ್ತೆಹಚ್ಚಿದವರು ಎಂದು ನನ್ನ ಹೆಸರಿದೆ.